ಹುಚ್ಚಕ್ಕನ ನೈಲಾನ್ ಸೀರೆ

ಹುಚ್ಚಕ್ಕ ಅನ್ನೋ ಹೆಸರು ಕೇಳಿ ನಗಬೇಡಿ, ಅದು ಹರಕೆ ಹೊತ್ತು ಇಟ್ಟ ಹೆಸರು. ನಮ್ಮ ಹೊನ್ನವಳ್ಳೀಲಿ ಅವಳಷ್ಟು ತಲೆ ನೆಟ್ಟಗಿರೋ ಹೆಂಗಸು ಇನ್ನೊಬ್ಬಳನ್ನ ತೋರಿಸಿ, ಸುವರ್ಣಮ್ಮ ಅನ್ನೋ ನನ್ನ ಹೆಸರು ಬಿಟ್ಟುಬಿಡ್ತೀನಿ. ನಮ್ಮ ಮನೆ ಕೊಬ್ಬರಿ ಅಟ್ಟದ ಕೆಲಸವೆಲ್ಲ ಅವಳ ಕೈಯಲ್ಲೇ ಇರೋದು. ಸಿಪ್ಪೆ ಸಮೇತ ಕಾಯಿ ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ, ಕೊಬ್ಬರಿಯಾಗಿ ಲೊಡಲೊಡ ಅಲ್ಲಾಡೋಕೆ ಹತ್ತಿರ ಹತ್ತಿರ ವರ್ಷ ಹಿಡಿಯುತ್ತೆ. ಅಷ್ಟೂ ದಿನ ಕೆಳಗಿನಿಂದ ಗಾಳಿ ಆಡ್ತಿರಬೇಕು. ಒಂದ್ಸಲ ಹೆಂಚು ಸೋರುತ್ತೆ ಅಂತ ನಮ್ಮ ಯಜಮಾನರು ಕಾಯಿ ಮೇಲೆ ನೈಲಾನ್ ಟಾರ್ಪಾಲು ಹೊದಿಸಿದ್ದರು. ಹುಚ್ಚಕ್ಕ ಅದರಡಿ ಕೈ ತೂರಿಸಿದವಳೇ, "ಅಯ್ಯೋ, ಕಾಯಿ ಬೆವೆತವೆ ಕಣಕ್ಕಾ! ಹಿಂಗೇ ಬುಟ್ಟಿದ್ರೆ ಎಲ್ಲಾ ಕೊಳ್ತೋಗವು" ಅಂತ ಟಾರ್ಪಾಲು ಕಿತ್ತು ಅಂಗಳಕ್ಕೆ ಎಸೆದಳು. ಅವತ್ತಿನಿಂದ ನಮ್ಮ ಯಜಮಾನರು ಅಟ್ಟದ ಏಣಿ ಮುಟ್ಟಿಲ್ಲ.

ಇಂಥವಳನ್ನ ಒಂದು ದೆವ್ವ ಆಡಿಸ್ತಿತ್ತು. ಯಾರೋ ಅಲ್ಲ, ಅವಳ ಗಂಡ ಅಣ್ಣಯ್ಯನ ಒಡಹುಟ್ಟಿದ ತಂಗಿ, ಗಂಗಲಕ್ಷ್ಮಿ. ಮಕ್ಕಳಾಗಲಿಲ್ಲ ಅಂತ ಗಂಡನ ಮನೆಯವರು ಅವಳನ್ನ ತವರಿಗೆ ಅಟ್ಟಿದರು. ಪಾಪ, ಇಲ್ಲಿ ಬಂದು ಕಾಮಾಲೆಯಾಗಿ ಸತ್ತಳು. ಮಾರನೇ ಬೇಸಿಗೇಲಿ ಹುಚ್ಚಕ್ಕನಿಗೆ ಚೊಚ್ಚಲು ಗಂಡುಮಗು. ಅವಳಿಗೆ ಹೆತ್ತವ್ವ ಇರಲಿಲ್ಲ, ಹಾಗಾಗಿ ಗಂಡನ ಮನೇಲೇ ಬಾಣಂತನ. ಆ ಬಾಣಂತಿ ಕೋಣೇಲೇ ಮಗು ಕೆಂಡದಂಥ ಜ್ವರ ಬಂದು ತೀರಿಹೋಯಿತು. ಊರಿನ ಬಾಯಿಗೆ ಬೀಗ ಉಂಟೇ? ಬಂಜೆ ಗಂಗಿ ಬಂದು ಮಗು ಎತ್ಕೊಂಡು ಹೋದಳು ಅಂದರು. ಹುಚ್ಚಕ್ಕ ಅದನ್ನ ನಂಬಿದಳು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ನಡುಮನೇಲಿ ಕಳಶದ ಮುಂದೆ ಹೊಸ ಬಟ್ಟೆ ಇಟ್ಟು ಎಡೆ ಹಾಕೋದು ಪದ್ಧತಿ. ಗಂಗಿಗೆ ಮಾತ್ರ ಹಿತ್ತಲಲ್ಲಿ ಎಡೆ. "ತಿಂದ್ಕಂಡು ಹಂಗೇ ಹೋಗು. ಹೊಸ್ಲು ತುಳಿದ್ರೆ ಪೊರಕೇಲಿ ಬಾರಿಸ್ತೀನಿ" ಅಂತ ಹುಚ್ಚಕ್ಕ ಕೂಗಿ ಹೇಳೋಳು. ಅಣ್ಣಯ್ಯ ಎದ್ದು ತೋಟದ ಕಡೆ ಹೋಗಿಬಿಡೋನು. ಮಟಮಟ ಮಧ್ಯಾಹ್ನ ಹುಚ್ಚಕ್ಕನಿಗೆ ಅವಳು ಕಾಣ್ತಿದ್ದಳು. "ಬಚ್ಚಲ ಪಕ್ಕ ನಿಂತಿರ್ತಾಳೆ ಅಕ್ಕಾ. ಮಡ್ಲಲ್ಲಿ ಏನೋ ಇಟ್ಕಂಡಿರ್ತಾಳೆ. ತೋರಿಸೇ ಅಂದ್ರೆ ತೋರ್ಸಲ್ಲ" ಅನ್ನೋಳು.

ಈ ಬೇಸಿಗೇಲಿ ಹುಚ್ಚಕ್ಕನ ಮಗಳು, ಆ ಮಗು ಹೋದಮೇಲೆ ಹುಟ್ಟಿದ ಪವಿತ್ರಾ, ಬಾಣಂತನಕ್ಕೆ ಬಂದಳು. ಹೆಣ್ಣುಕೂಸು, ತೊಳೆದ ಮುತ್ತು. ಹುಚ್ಚಕ್ಕನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ಗಂಗಿ ಈ ಕೂಸನ್ನೂ ಬಿಡಲ್ಲ ಅಂತ ಕೋಣೆ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕಿದಳು. ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲಿಗೆ ಪೊರಕೆ. ಕೂಸಿನ ಅತ್ತೆ ತಿಪಟೂರಿಂದ ತಂದಿದ್ದ ಗುಲಾಬಿ ಬಣ್ಣದ ನೈಲಾನ್ ಹೊದಿಕೆ, ಮಿರಮಿರ ಮಿಂಚೋದು, ಅದರಲ್ಲಿ ಕೂಸನ್ನ ಮೂಗೊಂದು ಬಿಟ್ಟು ಸುತ್ತಿಟ್ಟಿದ್ದಳು. "ಅವ್ವಾ, ಫ್ಯಾನಾದ್ರೂ ಹಾಕವ್ವ" ಅಂದ ಪವಿತ್ರಾಗೆ, "ಬಾಣಂತಿಗೆ ಫ್ಯಾನ್ ಕೇಡು! ಮುಚ್ಕಂಡ್ ಮಲಿಕ್ಕಳೇ" ಅಂದಳು. ಒಳಗೆ ಹೋದರೆ ನನಗೇ ಉಸಿರು ಕಟ್ಟೋದು.

ಒಂದು ಮಧ್ಯಾಹ್ನ ಎದೆ ಬಡ್ಕೊಂಡು ನಮ್ಮನೆಗೆ ಓಡಿ ಬಂದಳು. "ಅಕ್ಕಾ, ಗಂಗಿ ಬಂದವ್ಳೆ! ಬೆಳಗಿಂದ ಕಿರುಚ್ತಿದ್ದ ಕೂಸು ಈಗ ಅಳ್ತಾನೇ ಇಲ್ಲ!"

ಕೈಲಿದ್ದ ಮೊರ ಅಲ್ಲೇ ಬಿಟ್ಟು ಓಡಿದೆ. ಕೂಸು ಬಾಡಿದ ಸೊಪ್ಪಿನಂಗೆ ಬಿದ್ದಿತ್ತು, ಪವಿತ್ರಾ ಗೋಡೆಗೆ ತಲೆ ಕೊಟ್ಟು ಅಳ್ತಿದ್ದಳು. ಹುಚ್ಚಕ್ಕ ಒಂದು ಕೈಲಿ ಉಪ್ಪು ಮೆಣಸಿನಕಾಯಿ ಹಿಡಿದು, ಎತ್ತಿ ನಿವಾಳಿಸೋಕೆ ಅಂತ ಇನ್ನೊಂದು ಕೈಯನ್ನ ಹೊದಿಕೆ ಒಳಗೆ, ಕೂಸಿನ ಬೆನ್ನಡಿ ತೂರಿಸಿದಳು. ಕೈ ಅಲ್ಲೇ ನಿಂತಿತು. ಈಚೆ ತೆಗೆದು ಅಂಗೈ ನೋಡಿಕೊಂಡಳು.

"ಬೆವೆತೈತೆ" ಅಂದಳು.

ಆಮೇಲೆ ಅವಳು ಮಾಡಿದ್ದು ನೋಡಬೇಕಿತ್ತು! ಹೊದಿಕೆ ಕಿತ್ತೆಸೆದು, ಕಿಟಕಿಯ ಬಟ್ಟೆಯೆಲ್ಲ ಸೆಳೆದು ಬಾಗಿಲು ಹಾರುಹೊಡೆದಳು. ತನ್ನ ಸೆರಗನ್ನೇ ನೀರಲ್ಲಿ ಅದ್ದಿ ಕೂಸಿನ ಮೈ ಒರೆಸಿದಳು. ನನ್ನ ಮಗ ರುದ್ರೇಶ್ ಕಾರು ತಂದ, ಎಲ್ಲರೂ ಆಸ್ಪತ್ರೆಗೆ ಓಡಿದೆವು. ನರ್ಸಮ್ಮ ಬೈದೇ ಬೈದಳು. "ಈ ಸೆಕೇಲಿ ನೈಲಾನು ಸುತ್ತುತಾರೇನ್ರೀ? ಮೈ ಕಾವು ಹೊರಗೆ ಹೋಗೋದಾದ್ರೂ ಹೆಂಗೆ? ಸದ್ಯ, ಬೇಗ ಬಂದ್ರಿ." ಸಂಜೆ ಹೊತ್ತಿಗೆ ಕೂಸು ಮೊಲೆ ಹಿಡಿಯಿತು. ಆಮೇಲೆ ಆಸ್ಪತ್ರೆ ಹಾರಿಹೋಗೋ ಹಾಗೆ ಅತ್ತಿತು. ಅಳು ಕೇಳಿ ಅಷ್ಟು ಖುಷಿ ನಾನು ಎಂದೂ ಪಟ್ಟಿರಲಿಲ್ಲ.

ಹುಚ್ಚಕ್ಕ ಒಳಗೆ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಅಂಗೈ ನೋಡ್ಕೋತಿದ್ದಳು.

"ಕೂಸು ಉಳೀತು ಕಣೇ, ಎದ್ದು ಬಾ" ಅಂದೆ.

"ನಂತಾವ ಒಂದ್ ನೈಲಾನ್ ಸೀರೆ ಇತ್ತು ಅಕ್ಕಾ. ಮದ್ವೇಲಿ ಕೊಟ್ಟಿದ್ದು. ಮೆತ್ತಗಿತ್ತು, ಮಿಂಚೋದು. ಅದನ್ನೇ ಮಡಿಚಿ ಮಡಿಚಿ ನನ್ ಮಗನ್ಗೆ ಸುತ್ತಿದ್ದೆ. ಅವನ್ ಬೆನ್ನೂ ಹಿಂಗೇ ಒದ್ದೆ ಇತ್ತು. ಉಚ್ಚೆ ಹೊಯ್ಕಂಡವ್ನೆ ಅಂತ ಒರೆಸಿ, ಮತ್ತೆ ಅದ್ರಲ್ಲೇ ಸುತ್ತಿದೆ."

"ಅದೇ ಬೇರೆ, ಇದೇ ಬೇರೆ ಬಿಡೇ" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಈ ಸಲ ಅಮಾವಾಸ್ಯೆಗೆ ಗಂಗಿಯ ಎಡೆ ನಡುಮನೆಗೆ ಬಂತು. ಹೊಸ ಹತ್ತಿ ಸೀರೆ, ಬಳೆ, ಅವಳಿಗೆ ಇಷ್ಟ ಅಂತ ಕಾಯಿ ಒಬ್ಬಟ್ಟು. ಅಣ್ಣಯ್ಯ ತಂಗಿಯ ಸೀರೆ ಮುಂದೆ ಕೂತು ಮಕ್ಕಳ ಹಾಗೆ ಬಿಕ್ಕಿದ. ಹುಚ್ಚಕ್ಕ ಅಡ್ಡಬಿದ್ದವಳು ಏಳೋದೇ ಬೇಡವೇನೋ ಅನ್ನೋ ಹಾಗೆ ಬಿದ್ದಿದ್ದಳು. ಮೊದಲೇ ಸಣಕಲಿ, ಈಗಂತೂ ಕಣ್ಣು ಗುಳಿಬಿದ್ದು ಗುರುತೇ ಸಿಗದ ಹಾಗೆ ಆಗಿದ್ದಾಳೆ.

"ಗಂಗಿ ಕಾಣ್ತಾಳೇನೇ ಈಗಲೂ?" ಅಂತ ಕೇಳಿದೆ.

"ಇಲ್ಲ ಅಕ್ಕಾ. ಅವತ್ತಿಂದ ಬಂದೇ ಇಲ್ಲ."

"ಪೀಡೆ ಕಳೀತಲ್ಲ, ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡು."

ಹುಚ್ಚಕ್ಕ ನನ್ನ ಮುಖ ನೋಡಿದಳು. "ಅವಳಿದ್ದಾಗ ನಿದ್ದೆ ಬರ್ತಿತ್ತು ಅಕ್ಕಾ" ಅಂದಳು.