ಬೆಕ್ಕು ಬದುಕಿದ್ದರೆ ಸಾಕು

ನಾನು ಮದುವೆಯಾಗಿ ಆಂಡರ್ಸನ್‌ಪೇಟೆಯ ಮನೆಗೆ ಬಂದಾಗಲೇ ಆ ಬೆಕ್ಕಿಗೆ ವಯಸ್ಸಾಗಿತ್ತು. ಬೂದು ಬಣ್ಣದ ಹೆಣ್ಣು ಬೆಕ್ಕು, ಒಂದು ಕಿವಿಯ ತುದಿ ಹರಿದಿತ್ತು. ನಮ್ಮತ್ತೆ ಬದುಕಿದ್ದಾಗ ಇಲಿಕಾಟಕ್ಕೆಂದು ತಂದ ಮರಿಯಂತೆ. ಅತ್ತೆ ತೀರಿಕೊಂಡ ಮೇಲೆ ಅದು ಮಾವನವರ ಮಂಚದ ಕಾಲದೆಸೆಯಲ್ಲಿ ಬಂದು ಮಲಗಿತು. ಆಮೇಲೆ ಅದು ಜಾಗ ಬದಲಾಯಿಸಲಿಲ್ಲ.

ಮಾವನವರು ಊರಿನ ಚಿನ್ನದ ಗಣಿಯೊಳಗೆ ಡ್ರಿಲ್ ಹಿಡಿದು ದುಡಿದು ನಿವೃತ್ತರಾದವರು. ಆ ಸದ್ದಿಗೆ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಮೆಲ್ಲಗೆ ಮಾತಾಡುತ್ತಿದ್ದೇನೆ ಅಂದುಕೊಂಡು ಅವರು ಆಡಿದ ಮಾತು ಬೀದಿಯ ಕೊನೆಯವರಿಗೂ ಕೇಳುತ್ತಿತ್ತು. ನಮ್ಮೊಡನೆ ಕನ್ನಡ, ಅಕ್ಕಪಕ್ಕದವರೊಡನೆ ತಮಿಳು, ಬೆಕ್ಕಿನೊಡನೆ ಮಾತ್ರ ತೆಲುಗು. ಅತ್ತೆ ಅದರ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದರಂತೆ, ಈಗ ಭಾಷೆ ಬದಲಾಯಿಸಿದರೆ ಪಾಪ ಅದಕ್ಕೆ ತಿಳಿಯುವುದಿಲ್ಲ ಅನ್ನುತ್ತಿದ್ದರು.

ನನ್ನ ತವರು ಬಂಗಾರಪೇಟೆ ಹತ್ತಿರದ ಹಳ್ಳಿ. ಅಲ್ಲಿ ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಮನೆಮಂದಿಯೆಲ್ಲ ಓಡಾಡುತ್ತಿದ್ದೆವು. ಬೆಕ್ಕಿಗೆ ಕಾಯಿಲೆಯಾದರೆ ಅದು ತಾನಾಗಿ ಎಲ್ಲೋ ಹೋಗುತ್ತಿತ್ತು, ವಾಸಿಯಾದರೆ ವಾಪಸ್ಸು ಬರುತ್ತಿತ್ತು. ಬೆಕ್ಕಿಗೆ ಶುಶ್ರೂಷೆ ಮಾಡುವುದು ಅಂದರೇನೆಂದು ನನಗೆ ಗೊತ್ತಿರಲಿಲ್ಲ.

ಮೊದಲ ಮಗಳು ನನ್ನ ಹೊಟ್ಟೆಯಲ್ಲಿದ್ದ ವರ್ಷ ಅದು ನೀರು ಕುಡಿಯುವುದು ಹೆಚ್ಚಾಯಿತು. ಬೇತಮಂಗಲದ ಕೆರೆಯ ನೀರು ಬೀದಿ ನಲ್ಲಿಗೆ ಬೆಳಗ್ಗೆ ಬರುತ್ತಿತ್ತು. ನಾನು ಬಕೆಟ್ಟು ಇಳಿಸುವುದೇ ತಡ, ಬೆಕ್ಕು ಅದರೊಳಗೆ ತಲೆ ಹಾಕಿ ಲಪಲಪನೆ ಕುಡಿಯುತ್ತಿತ್ತು. ಕುಡಿದಷ್ಟೂ ಅದು ಒಣಗುತ್ತಾ ಹೋಯಿತು. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಯೇ ಸಿಗುತ್ತಿತ್ತು. ಹಿತ್ತಿಲಿಗೆ ಹೋಗಲಾಗದೆ ಮೂಲೆ ಮೂಲೆಯಲ್ಲಿ ಒದ್ದೆ ಮಾಡತೊಡಗಿತು. ಮಾವನವರು ಯಾರಿಗೂ ಕಾಣದಂತೆ ಹಳೇ ಪಂಚೆಯ ತುಂಡಿನಿಂದ ಒರೆಸಿ, "ವಯಸ್ಸಾಯ್ತಲ್ಲ ಕಣಮ್ಮ, ಅಷ್ಟೇ ಅದಕ್ಕೆ" ಅನ್ನುತ್ತಿದ್ದರು.

ಆಮೇಲೆ ಜೊಲ್ಲು ಸುರಿಯಲು ಶುರುವಾಯಿತು. ಬಾಯಿಯ ಬಳಿ ಮುಖ ತಂದರೆ ಕೆಟ್ಟ ವಾಸನೆ. ಅದಕ್ಕೆ ಬಲು ಇಷ್ಟವಾಗಿದ್ದ ಒಣಮೀನು ಇಟ್ಟರೂ ಮೂಸಿ ನೋಡಿ ಹಿಂದೆ ಸರಿಯಿತು. ಮಾವನವರೂ ಅಂದು ಸರಿಯಾಗಿ ಊಟ ಮಾಡಲಿಲ್ಲ. ಅವರಿಗಾಗಿಯೇ ನಾನು ಒಂದು ಬಟ್ಟಲು ರಾಗಿ ಗಂಜಿ ಮಾಡಿ, ಬೆಕ್ಕನ್ನು ಮಡಿಲಿಗೆ ಹಾಕಿಕೊಂಡು ಬೆರಳಿನಿಂದ ಬಾಯಿಗಿಟ್ಟೆ. ನೋವಾಯಿತೇನೋ, ತಟ್ಟನೆ ಕಚ್ಚಿತು. ಆಳವೇನಲ್ಲ, ಆದರೆ ರಕ್ತ ಬಂತು.

ಪಕ್ಕದ ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸು. ನನಗಿಂತ ಸ್ವಲ್ಪ ಚಿಕ್ಕವಳು, ತಮಿಳು ಮನೆಮಾತು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದಳು. ಹಿತ್ತಿಲ ಗೋಡೆಯಾಚೆಯಿಂದ ನನ್ನ ಬೆರಳನ್ನೂ ಬೆಕ್ಕಿನ ಬಾಯಿಯನ್ನೂ ನೋಡಿದವಳೇ ಒಳಗೆ ಬಂದು, ಸೋಪು ಹಚ್ಚಿ, ಬೆರಳು ಬೆಳ್ಳಗಾಗುವ ತನಕ ತೊಳೆದಳು.

"ಅಕ್ಕಾ, ನಾನು ಕೆಟ್ಟದ್ದಕ್ಕೆ ಹೇಳ್ತಾ ಇಲ್ಲ. ಜೊಲ್ಲು ಸುರಿಸ್ತಾ ಇರೋ ಪ್ರಾಣಿ ಕಚ್ಚಿದೆ. ಹುಚ್ಚು ಹಿಡಿದಿದ್ರೆ ಏನಾಗುತ್ತೆ ಅಂತ ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೀನಿ. ಸೂಜಿ ಹಾಕಿಸ್ಕೋಬೇಕು."

ಆ ಸೂಜಿ ಹೊಕ್ಕುಳಿನ ಸುತ್ತ ಹಾಕುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಅವಳೂ ಅದನ್ನು ನೋಡಿದಳು. "ಮೊದ್ಲು ದನದ ಡಾಕ್ಟರಿಗೆ ತೋರಿಸಿ. ಇವತ್ತೇ ಹೋಗಿ," ಅಂದಳು.

ನಮಗೆ ಗೊತ್ತಿದ್ದ ದನದ ಆಸ್ಪತ್ರೆ ಬಂಗಾರಪೇಟೆಯದು, ನಮ್ಮಪ್ಪ ಎತ್ತು ಹೊಡೆದುಕೊಂಡು ಹೋಗುತ್ತಿದ್ದುದು ಅಲ್ಲಿಗೇ. ನಮ್ಮ ಯಜಮಾನರು ಪಾಳಿಗೆ ಹೋಗಿದ್ದರು. ಮಾವನವರು ಕೋಳಿ ಸಾಗಿಸುವ ಬಿದಿರು ಬುಟ್ಟಿಯೊಂದನ್ನು ಕೇಳಿ ತಂದು, ಬೆಕ್ಕನ್ನು ಅದರಲ್ಲಿ ಕೂರಿಸಿ ಮೇಲೆ ಟವೆಲ್ ಕಟ್ಟಿದರು. ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಬುಟ್ಟಿ ನೋಡಿ, "ಉಂಜಾನೋ ಯಾಟೆಯೋ?" ಅಂತ ಕೋಳಿ ಗಂಡೋ ಹೆಣ್ಣೋ ಕೇಳಿದಳು. ಮಾವನವರಿಗೆ ಏನು ಕೇಳಿಸಿತೋ, "ಹೂಂ, ವಯಸ್ಸಾಗದೆ," ಅಂತ ಇಡೀ ಡಬ್ಬಿಗೆ ಕೇಳುವಂತೆ ಹೇಳಿದರು. ಒಳಗಿನಿಂದ ಬೆಕ್ಕು ಕ್ಷೀಣವಾಗಿ ಕೂಗಿತು. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಅಂಗಳದ ತುಂಬ ಎತ್ತು ಎಮ್ಮೆಗಳು. ಬೆಕ್ಕು ತಂದವರು ನಾವೇ. ಅವರು ನಗಲಿಲ್ಲ. ಕೈಗೆ ದಪ್ಪ ಗವಸು ಹಾಕಿ ಬಾಯಿ ಬಿಡಿಸಿ ನೋಡಿದರು, ಹೊಟ್ಟೆಯ ಎರಡೂ ಪಕ್ಕ ಬೆರಳೊತ್ತಿ ಕಣ್ಣು ಮುಚ್ಚಿಕೊಂಡು ನಿಂತರು.

"ನೀರು ಕುಡಿಯುತ್ತಾ?"

"ದಿನವೆಲ್ಲ ಅದೇ ಕೆಲಸ."

"ನುಂಗುತ್ತೋ, ಕುಡಿದದ್ದು ಆಚೆ ಬರುತ್ತೋ?"

"ನುಂಗುತ್ತೆ."

"ಮನೆಯವರನ್ನು ಗುರುತು ಹಿಡಿಯುತ್ತಾ?"

ನಾನು ಉತ್ತರ ಹೇಳುವ ಮೊದಲೇ ಮಾವನವರು ಬುಟ್ಟಿಯ ಮೇಲೆ ಬಗ್ಗಿ "ರಾ ತಲ್ಲಿ," ಬಾ ತಾಯಿ ಅಂದರು. ಬೆಕ್ಕು ಅವರ ಕೈಗೆ ತಲೆ ಒತ್ತಿತು.

"ಇದರ ಮೂತ್ರಪಿಂಡ ಕೆಟ್ಟಿದೆ," ಅಂದರು ಡಾಕ್ಟರು. "ವಯಸ್ಸಾದ ಬೆಕ್ಕುಗಳಿಗೆ ಬರುತ್ತೆ. ರಕ್ತದಲ್ಲಿ ಕಲ್ಮಷ ನಿಂತು ಬಾಯಲ್ಲಿ ಹುಣ್ಣಾಗಿದೆ, ಅದಕ್ಕೇ ಜೊಲ್ಲು. ಹುಚ್ಚು ಇದ್ದ ಹಾಗೆ ನನಗೆ ಕಾಣೋದಿಲ್ಲ."

ಮಾವನವರು ಕಿವಿಗೆ ಕೈ ಹಿಡಿದರು. ಡಾಕ್ಟರು ಜೋರಾಗಿ, "ಹುಚ್ಚಲ್ಲ ಯಜಮಾನರೇ, ಕಿಡ್ನಿ," ಅಂದರು. ಎತ್ತು ಹಿಡಿದು ನಿಂತಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

ನನ್ನ ಬೆರಳು ನೋಡಿದ ಮೇಲೆ ಡಾಕ್ಟರು ಒಂದು ಮಾತು ಸೇರಿಸಿದರು. ಹುಚ್ಚಿದ್ದರೆ ಬೆಕ್ಕು ಒಂದು ವಾರ, ಹತ್ತು ದಿನದೊಳಗೆ ಸಾಯುತ್ತದೆ. ಅಷ್ಟು ದಿನ ಒಂದು ಕೋಣೆಯಲ್ಲಿ ಕೂಡಿಹಾಕಿ ನೋಡಿ. ಬದುಕಿದ್ದರೆ ನಿಮಗೆ ಸೂಜಿ ಬೇಡ. ಅಷ್ಟರಲ್ಲಿ ಕಿಡ್ನಿಯಿಂದಲೇ ಸತ್ತರೂ ನಾವು ಅನುಮಾನ ಇಟ್ಟುಕೊಳ್ಳಲೇಬೇಕು, ಆಗ ಸೂಜಿ ತಪ್ಪದು.

ಅಂತೂ ಆ ಬೆಕ್ಕು ಬದುಕಬೇಕಿತ್ತು. ನಿನ್ನೆಯವರೆಗೆ ಮಾವನವರಿಗೆ ಮಾತ್ರ ಬೇಕಾಗಿದ್ದ ಪ್ರಾಣಿ ಈಗ ಮನೆಗೆಲ್ಲ ಬೇಕಾಯಿತು.

ಡಾಕ್ಟರು ಹೇಳಿದ್ದು ಇಷ್ಟು: ಒಣಮೀನು, ಉಪ್ಪು ಮುಟ್ಟಿಸಬೇಡಿ. ಗಂಜಿ, ಮೊಟ್ಟೆಯ ಬಿಳಿ, ಸಿಕ್ಕರೆ ತಾಜಾ ಮೀನು, ಸ್ವಲ್ಪ ಸ್ವಲ್ಪವಾಗಿ ಕೊಡಿ. ನೀರಿಗೆ ಎಂದೂ ತಡೆಯಿರಬಾರದು. ಜೊತೆಗೆ ಸಲೈನ್ ಬಾಟಲಿ, ರಬ್ಬರ್ ಕೊಳವೆ, ಸೂಜಿ ಕೊಟ್ಟು, "ಚರ್ಮದ ಕೆಳಗೆ ಹಾಕಬೇಕು. ಹಾಕೋರು ಯಾರಾದ್ರೂ ಇದ್ದಾರಾ?" ಅಂದರು. ಪಕ್ಕದ ಮನೆಯಲ್ಲಿ ನರ್ಸು ಇದ್ದಾಳೆ ಅಂದೆ.

"ನಾನು ಮನುಷ್ಯರಿಗೆ ಹಾಕೋಳು ಅಕ್ಕಾ," ಅಂದಳು ಅವಳು. ಆದರೂ ಸಂಜೆ ಡ್ಯೂಟಿ ಮುಗಿಸಿ ಬಂದು ಸೂಜಿ ಕುದಿಸಿದಳು. ಕೈಗೆ ಬಟ್ಟೆ ಸುತ್ತಿಕೊಂಡು ಮಾವನವರು ಬೆಕ್ಕನ್ನು ಗೋಣಿಚೀಲದಲ್ಲಿ ಸುತ್ತಿ ಹಿಡಿದರು, ಯಜಮಾನರು ಬಾಟಲಿ ಎತ್ತಿ ಹಿಡಿದರು. ಅವಳು ಹೆಗಲ ಹತ್ತಿರದ ಸಡಿಲ ಚರ್ಮ ಎಳೆದು ಚುಚ್ಚಿದಳು. ಬೆಕ್ಕು ನರಳಿತು. "ಅಯಿಪೋಯಿಂದಿ ತಲ್ಲಿ, ಅಯಿಪೋಯಿಂದಿ," ಆಗೋಯ್ತು, ಆಗೋಯ್ತು ಅಂತ ಮಾವನವರು ಅದು ಮುಗಿಯುವ ತನಕ ಹೇಳುತ್ತಲೇ ಇದ್ದರು. ನೀರೆಲ್ಲ ಹೆಗಲ ಮೇಲೆ ಗುಬುಟಾಗಿ ನಿಂತು, ನಿಧಾನವಾಗಿ ಹೊಟ್ಟೆಯ ಕಡೆ ಇಳಿಯಿತು. ಮರುದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ನನ್ನನ್ನು ಮಾತ್ರ ಕೋಣೆಯ ಒಳಗೆ ಬಿಡಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ನಡುವೆ ಒಂದು ದಿನ ತೀರ ಕೆಟ್ಟದಾಗಿತ್ತು. ಬೆಕ್ಕು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿತು. ಕರೆದರೆ ಕಿವಿಯೂ ಅಲ್ಲಾಡಲಿಲ್ಲ. ನೀರೂ ಬೇಡವೆಂದಿತು. ಯಜಮಾನರು ಹೊಸಲಿನ ಮೇಲೆ ಕೂತು, "ಇನ್ನು ಕಾಯೋದು ಬೇಡ, ನಾಳೆ ಆಸ್ಪತ್ರೆಗೆ ಓಗಿಬಿಡಣ," ಅಂದರು. ನನಗೂ ಹಾಗೇ ಅನ್ನಿಸಿತ್ತು. ಮಾವನವರು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬೇತಮಂಗಲದ ಬಸ್ಸು ಹಿಡಿದು ಹೋಗಿ, ಮಧ್ಯಾಹ್ನದ ಹೊತ್ತಿಗೆ ಕೆರೆಯ ಸಣ್ಣ ಮೀನನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಬಂದರು. ಮೀನನ್ನು ಉಪ್ಪಿಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಬೇಯಿಸಿದ ನೀರಿನೊಡನೆ ಕಿವುಚಿ ಕೊಟ್ಟೆ. ಅವರು ತಟ್ಟೆಯನ್ನು ಅದರ ಮೂಗಿನ ಹತ್ತಿರ ಇಟ್ಟು ಪಕ್ಕದಲ್ಲಿ ಕೂತರು.

ತುಂಬ ಹೊತ್ತು ಏನೂ ಆಗಲಿಲ್ಲ. ನಾನು ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲಿಗೇ ಮಾವನವರ ಪಿಸುಮಾತು ಕೇಳಿಸಿತು: "ಏನಮ್ಮಾ, ತಿಂತಾ ಅದೆ ನೋಡು." ಬೀದಿಗೆಲ್ಲ ಕೇಳಿಸಿರಬೇಕು, ಗೋಡೆಯಾಚೆಯಿಂದ ನರ್ಸೂ ತಲೆ ಎತ್ತಿದಳು. ನಾನು ಸಂದಿಯಿಂದ ನೋಡಿದೆ. ಬೆಕ್ಕು ಮಲಗಿದಂತೆಯೇ ಕತ್ತು ಮಾತ್ರ ಚಾಚಿ, ನಾಲಗೆಯ ತುದಿಯಿಂದ ಸಾರು ನೆಕ್ಕುತ್ತಿತ್ತು. ತಟ್ಟೆ ಖಾಲಿಯಾಗಲಿಲ್ಲ. ಆದರೆ ಸಂಜೆ ಎದ್ದು ಹೋಗಿ ನೀರು ಕುಡಿಯಿತು.

ಅಲ್ಲಿಂದ ದಿನದಿನಕ್ಕೂ ಸುಧಾರಿಸಿತು. ಜೊಲ್ಲು ನಿಂತಿತು. ಬಾಗಿಲು ತೆಗೆಯಿರಿ ಎಂದು ಉಗುರಿನಿಂದ ಪರಚಲು ಶುರುಮಾಡಿತು. ಹೇಳಿದ ಗಡುವು ಮುಗಿದ ಮೇಲೂ ಎರಡು ದಿನ ಕಾಯಿಸಿದವಳು ನರ್ಸು. ಆಮೇಲೆ ಒಂದು ಬೆಳಗ್ಗೆ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು, ನನ್ನ ಬೆರಳು ತಿರುಗಿಸಿ ನೋಡಿ, "ಆಯ್ತು ಅಕ್ಕಾ. ಇನ್ನು ಸೂಜಿ ಬೇಡ," ಅಂದಳು. ನಾನು ಹೊಸಲಿನ ಮೇಲೆ ಕೂತೆ. ಅಷ್ಟು ದಿನ ಎಷ್ಟು ಬಿಗಿಹಿಡಿದುಕೊಂಡಿದ್ದೆ ಅನ್ನುವುದು ಆಗಲೇ ತಿಳಿದದ್ದು. ಅವಳೂ ಕೂತಳು. ಇಬ್ಬರೂ ಕಾರಣವಿಲ್ಲದೆ ನಕ್ಕೆವು. ಅವತ್ತು ಅವಳು ಕೆಲಸಕ್ಕೆ ತಡವಾಗಿಯೇ ಹೋದಳು.

ವಿಷಯವನ್ನು ಮಾವನವರ ಕಿವಿಯಲ್ಲಿ ಕೂಗಿ ಹೇಳಿದೆ. "ನಂಗೆ ಮೊದ್ಲೇ ಗೊತ್ತಿತ್ತು," ಅಂದರು. ಅಂದು ಬಚ್ಚಲಿಗೆ ಹೋದವರು ಬಹಳ ಹೊತ್ತು ಮುಖ ತೊಳೆಯುತ್ತಲೇ ಇದ್ದರು.

ಬೆಕ್ಕಿನ ಕಿಡ್ನಿ ವಾಸಿಯಾಗಲಿಲ್ಲ. ವಾಸಿಯಾಗುವ ಕಾಯಿಲೆಯಲ್ಲವೆಂದು ಡಾಕ್ಟರೇ ಹೇಳಿದ್ದರು. ಆದರೆ ಅದರ ಜೊತೆ ಬಾಳುವುದು ನಮಗೂ ಅದಕ್ಕೂ ರೂಢಿಯಾಯಿತು. ಮನೆಯ ಸಾರಿಗೆ ಉಪ್ಪು ಹಾಕುವ ಮೊದಲು ಅದರ ಪಾಲು ತೆಗೆದಿಡುವುದು, ಮಲಗುವ ಕಡೆಯೆಲ್ಲ ಗೋಣಿ ಹಾಸಿ ಬೆಳಗ್ಗೆ ಒಗೆಯುವುದು, ಅದು ಮಂಕಾದಾಗ ಬಂಗಾರಪೇಟೆಯಿಂದ ಬಾಟಲಿ ತರುವುದು. ತವರಿನಲ್ಲಿ ಹೆರಿಗೆ ಮುಗಿಸಿ ಮಗಳನ್ನು ಎತ್ತಿಕೊಂಡು ಬಂದಾಗ ಬೆಕ್ಕು ಮಾವನವರ ಮಂಚದ ಮೇಲೆ ಬಿಸಿಲು ಕಾಯಿಸುತ್ತಿತ್ತು. ಮಗುವನ್ನು ಒಮ್ಮೆ ಮೂಸಿ ನೋಡಿ ಮತ್ತೆ ಮಲಗಿತು.

ಮಗಳು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಅದು ಹೋಯಿತು. ಮಧ್ಯಾಹ್ನದ ಹೊತ್ತು, ಮಾವನವರ ತೊಡೆಯ ಮೇಲೆ, ಒದ್ದಾಡದೆ. ಬೆಳಗ್ಗೆ ಒಂದಿಷ್ಟು ಹಾಲನ್ನ ತಿಂದಿತ್ತು. ನನಗೆ ಅಳು ಬಂತು. ಅವರು ಅಳಲಿಲ್ಲ. "ನೋವಿಲ್ದೆ ಓಯ್ತಲ್ಲ, ಅಷ್ಟು ಸಾಕು," ಅಂದು ಹಿತ್ತಿಲ ನುಗ್ಗೆಮರದ ಬುಡದಲ್ಲಿ ತಾವೇ ಗುಂಡಿ ತೋಡಿದರು.

ಮರುದಿನ ಬಿಳೀ ಅಂಗಿ ಹಾಕಿಕೊಂಡು ಬಂಗಾರಪೇಟೆಗೆ ಹೊರಟರು. ಯಾಕೆಂದು ಕೇಳಿದರೆ, ಡಾಕ್ಟರಿಗೆ ಹೇಳಬೇಡವಾ ಅಂದರು. ಆ ಡಾಕ್ಟರಿಗೆ ವರ್ಗವಾಗಿತ್ತಂತೆ. ಅಲ್ಲಿದ್ದ ಹೊಸಬರಿಗೇ ಮೊದಲಿನಿಂದ ಎಲ್ಲವನ್ನೂ ಹೇಳಿ ಬಂದರು. ಅವರು ಕೂರಿಸಿ ಕೇಳಿದರಂತೆ. ಸಂಜೆ ಮನೆಗೆ ಬಂದವರು ಕಾಲು ತೊಳೆದು, ಹಸಿವಾಗುತ್ತಿದೆ ಏನಾದರೂ ಕೊಡಮ್ಮ ಅಂದರು. ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ಎರಡನೇ ಸಲವೂ ಸಾರು ಹಾಕಿಸಿಕೊಂಡು ಉಂಡರು.