ತಿಳಿಯಾಗುವ ಮೊದಲೇ ಚೆಲ್ಲಿದ ನೀರು

ನದಿ ಹೊತ್ತು ತಂದು ಬಿಟ್ಟುಹೋಗುವುದನ್ನೆಲ್ಲ ಕೆಸರೆಂದು ನಾವು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಅದರ ಒಂದೊಂದು ಪದರಕ್ಕೂ ಒಂದೊಂದು ಹೆಸರುಂಟೆಂದು ತೋರಿಸಿಕೊಟ್ಟವರು ನಮ್ಮ ಮೇಡಂ. ದೋಣಿಯವರು, ಇಟ್ಟಿಗೆ ಸುಡುವವರು, ಬಾವಿ ತೋಡುವವರು ಆಡುವ ಮಾತುಗಳನ್ನು ಮೂವತ್ನಾಲ್ಕು ವರ್ಷ ಕೂಡಿಸಿ, ಗರಸು, ಉಸುಕು, ರೇವೆ, ಜೇಡಿ ಎಂದು ಕಣದ ಗಾತ್ರಕ್ಕೆ ತಕ್ಕಂತೆ ಜೋಡಿಸಿ, ವರದಿಗಳಲ್ಲಿ ಬಳಕೆಗೆ ತಂದ ಆ ವಿದುಷಿಯನ್ನು ಬೆನ್ನ ಹಿಂದೆ ನಾವು ‘ಹೂಳಕ್ಕ’ ಎನ್ನುತ್ತಿದ್ದೆವು. ಅದೂ ಅವರಿಗೆ ಗೊತ್ತಿತ್ತು.

ನಾನು ಅವರ ಭೂವಿಜ್ಞಾನ ವಿಭಾಗಕ್ಕೆ ವಿದ್ಯಾರ್ಥಿಯಾಗಿ ಸೇರಿದ ವರ್ಷ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದಾಗ, ತಮ್ಮ ತಾಯಿಯ ಕೋಣೆಯನ್ನೇ ಎರಡು ತಿಂಗಳು ತೆರವು ಮಾಡಿಕೊಟ್ಟರು. ಚಿಟಿಕೆ ಮಣ್ಣನ್ನು ಹಲ್ಲಿನ ನಡುವೆ ಕಡಿದು ನೋಡಲು ಕಲಿಸಿದವರೂ ಅವರೇ: ಕರಕರ ಎಂದರೆ ರೇವೆ, ನುಣ್ಣಗೆ ಜಾರಿದರೆ ಜೇಡಿ. ಆಮೇಲೆ ಬಾಯಿ ಮುಕ್ಕಳಿಸಲು ನೀರನ್ನೂ ಅವರೇ ಕೊಡುತ್ತಿದ್ದರು.

ಮೇಡಂ ಅವರ ಈ ಅಭಿನಂದನ ಗ್ರಂಥದ ಸಂಪಾದಕರು ಹೊಗಳಿ ಬರೆಯಿರಿ ಎಂದಿದ್ದಾರೆ. ಹೊಗಳಲು ನನಗೆಲ್ಲಿಯ ಯೋಗ್ಯತೆ? ನದಿದಂಡೆಯಲ್ಲೊಂದು ಶಾಲೆ ಕಟ್ಟುವ ಮುನ್ನ ಅಲ್ಲಿನ ಮಣ್ಣಿನ ಪರೀಕ್ಷೆ ನಮ್ಮ ವಿಭಾಗಕ್ಕೆ ಬಂತು. ಮಣ್ಣನ್ನು ಗಾಜಿನ ಜಾಡಿಯ ನೀರಿನಲ್ಲಿ ಕಲಕಿಟ್ಟರೆ ಉಸುಕು ನಿಮಿಷದಲ್ಲಿ, ರೇವೆ ಕೆಲವು ಗಂಟೆಗಳಲ್ಲಿ ತಳ ಸೇರುತ್ತದೆ. ಜೇಡಿಗೆ ಮಾತ್ರ ಇಡೀ ದಿನ ಕಾಯಬೇಕು. ನಾನು ಸಿನಿಮಾಕ್ಕೆ ಟಿಕೆಟ್ ತೆಗೆಸಿದ್ದೆ. ಸಂಜೆಯಾಗುವಷ್ಟರಲ್ಲಿ, ಜೇಡಿ ಇನ್ನೂ ತೇಲುತ್ತಿದ್ದ ಮಬ್ಬು ನೀರನ್ನು ಚೆಲ್ಲಿ, ಜಾಡಿ ತೊಳೆದು, ‘ಜೇಡಿ ಇಲ್ಲ’ ಎಂದು ಬರೆದುಬಿಟ್ಟೆ. ನನ್ನನ್ನು ನಂಬಿ ಮೇಡಂ ಸಹಿ ಹಾಕಿದರು. ನೀರಿಗೆ ಹಿಗ್ಗಿ, ಬಿಸಿಲಿಗೆ ಕುಗ್ಗುವ ಜೇಡಿಯ ಮೇಲೆ ನಿಂತ ಆ ಗೋಡೆಗಳು ಎರಡನೆಯ ವರ್ಷವೇ ಬಿರುಕು ಬಿಟ್ಟು, ಒಂದು ದಿನ ಕುಸಿದವು. ಪುಣ್ಯಕ್ಕೆ ಅಂದು ಶಾಲೆಗೆ ರಜೆಯಿತ್ತು.

ವಿಚಾರಣೆಯ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಅವರು ನನ್ನನ್ನು ನಿಲ್ಲಿಸಿದರು.

“ಆ ಜಾಡಿ ಎಷ್ಟು ಹೊತ್ತು ಇಟ್ಟಿದ್ದೆ?”

“ಒಂದು ದಿನ ಪೂರ್ತಿ, ಮೇಡಂ.”

ಅವರು ನನ್ನ ಮುಖವನ್ನೇ ನೋಡಿದರು. “ಸರಿ, ತಿಂಡಿ ತಿಂದು ಬಾ,” ಎಂದರು.

ಒಳಗೆ ಸಮಿತಿಯವರು ಪರೀಕ್ಷೆ ಮಾಡಿದ್ದು ಯಾರೆಂದು ಕೇಳಿದಾಗ, ಸಹಿ ತಮ್ಮದು, ತಪ್ಪೂ ತಮ್ಮದೇ, ಹುಡುಗರನ್ನು ಕರೆಸುವ ಅಗತ್ಯವಿಲ್ಲ ಎಂದರಂತೆ. ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ಬೇರೆಯವರ ಪಾಲಾಯಿತು. ನಾನೋ, ಬಾಯಿಗೆ ಬೀಗ ಹಾಕಿಕೊಂಡು, ಅವರೇ ಬರೆದ ಶಿಫಾರಸು ಪತ್ರದ ಬಲದಿಂದ ಇದೇ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಇಂದು ಆ ಹುದ್ದೆಯಲ್ಲಿ ಕುಳಿತಿರುವವನು ನಾನೇ. ಹತ್ತೊಂಬತ್ತು ವರ್ಷ ಅವರಿಗೆ ಮುಖ ಕೊಟ್ಟು ಮಾತಾಡಲಾಗದೆ, ಎದುರು ಬಂದಾಗಲೆಲ್ಲ ಮೊಬೈಲ್ ನೋಡುವವನಂತೆ ನಟಿಸಿದ್ದೇನೆ. ನಾಚಿಕೆಯಾಗುತ್ತದೆ.

ಮೇಡಂ ನೂರು ಕಾಲ ಬಾಳಲಿ. ಅವರ ಮಣ್ಣಿನ ಪದಕೋಶದ ಉಳಿದ ಭಾಗವೂ ಅವರ ಕೈಯಿಂದಲೇ ಮುಗಿಯಲಿ. ಈ ಗ್ರಂಥವನ್ನು ಅವರಿಗೆ ಅರ್ಪಿಸುವ ಸಮಾರಂಭದಲ್ಲಿ ಮುಖ್ಯಸ್ಥನೆಂದು ಅವರ ಪಕ್ಕದ ಕುರ್ಚಿಯನ್ನು ನನಗಿಟ್ಟಿದ್ದಾರಂತೆ. ದಯಮಾಡಿ ಅದನ್ನು ತೆಗೆಸಿ. ನಾನು ಕೆಳಗೆ, ಸಭಿಕರ ನಡುವೆ ಕೂರುತ್ತೇನೆ. ಇದನ್ನು ಓದಿದ ಮೇಲೂ ಅವರು ಕರೆದರೆ, ಆಗ ವೇದಿಕೆ ಹತ್ತುತ್ತೇನೆ.