ಅಕ್ಕ ಕೇಳದ ಕುರ್ಚಿ

ಡಿಗ್ರಿ ಮುಗಿದ ಮೇಲೆ ಮುಂದೇನು ಎಂದು ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ಚಹಾ ಕುಡಿದು ಸುಮ್ಮನೆ ಹೋಗಬಾರದೇ! ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನ ಉತ್ತರ ಒಂದೇ: "ಸರ್ಕಾರಿ ನೌಕರಿ ರೀ. ಇಬ್ಬರೂ ಹೆಣ್ಮಕ್ಕಳು ಪರೀಕ್ಷಾ ಕೊಡ್ತಾರ." ನನಗೆ ಕಲ್ಲು-ಮಣ್ಣಿನ ಹುಚ್ಚು, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಅಧಿಕಾರಿಯಾಗಬೇಕೆಂದು ನಿಜಕ್ಕೂ ಹಂಬಲಿಸಿದವಳು ಅಕ್ಕ. ನಾನು ಅವಳ ಹಿಂದೆ ಹೋದೆ, ಅಷ್ಟೇ.

ನಾವಿದ್ದ ಮರಾಠಿ ಊರಿನಲ್ಲಿ, ಶಿವಾಜಿನಗರದ ಹತ್ತಿರ ಒಂದು ಅಭ್ಯಾಸಿಕಾ ಇತ್ತು. ಪರೀಕ್ಷೆಗೆ ಕೂರುವವರು ತಿಂಗಳುಗಟ್ಟಲೆ ಒಂದೊಂದು ಕುರ್ಚಿ ಹಿಡಿದು ಓದುವ ಕೋಣೆ ಅದು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಮೂವರು ಸಾಲಾಗಿ ಪಾಸಾಗಿದ್ದರು. ಪಾಸಾದವರು ಪೇಢೆ ಹಂಚಿ, ಮುಂದೆ ಅಲ್ಲಿ ಯಾರು ಕೂರಬೇಕೆಂದು ಹೇಳಿ ಹೋಗುವುದು ಪದ್ಧತಿ. ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಿದರೆ ಕುರ್ಚಿಯ ಗುಣ ಹೋಗುತ್ತದಂತೆ. ಓದಿದವರ ಬುದ್ಧಿ ನೋಡಿ!

ಮೂರನೆಯವನು ಅಕ್ಕನ ಹೆಸರು ಹೇಳಿದ. ಅವಳು ಆಗಲೇ ಮೂರು ಸಲ ಫೇಲಾಗಿದ್ದಳು. ಆದರೂ ಕುರ್ಚಿಯನ್ನು ನನ್ನ ಕಡೆ ತಳ್ಳಿ, "ನಿಂದು ಮೊದಲನೇ ಸಲ. ನೀ ಕೂಡು," ಎಂದಳು. ತಾನು ಬಾಗಿಲ ಬಳಿ, ಕಾಲು ಅಲುಗಾಡುವ ಕುರ್ಚಿಯಲ್ಲಿ ಕೂತಳು.

ನಾನು ಪಾಸಾದೆ. ಅಕ್ಕ ಮತ್ತೆ ಫೇಲು. "ಸಾಕಾತವಾ ನನಗ," ಎಂದು ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಮಗರಪಟ್ಟಾದ ಒಂದು ಆಫೀಸಿಗೆ ಸೇರಿದಳು. ನಾನು ಪೆದ್ದಿ, ಆ ಮಾತನ್ನು ನಂಬಿಬಿಟ್ಟೆ. ಪೇಢೆ ಹಂಚುವ ದಿನ ಅವಳೂ ರಜೆ ಹಾಕಿ ಬಂದಿದ್ದಳು, ಡಬ್ಬಿ ಅವಳ ಕೈಯಲ್ಲೇ ಇತ್ತು. ಮುಂದೆ ಯಾರು ಎಂದು ಕೇಳಿದಾಗ ನಾನು ಸೋಲಾಪುರದಿಂದ ಬಂದಿದ್ದ ಒಬ್ಬ ಹುಡುಗಿಯತ್ತ ಕೈ ತೋರಿಸಿದೆ. ಅಕ್ಕ ಮೊದಲ ಪೇಢೆ ಆ ಹುಡುಗಿಗೇ ಕೊಟ್ಟು, ಚೆನ್ನಾಗಿ ಓದು ಎಂದು ಮರಾಠಿಯಲ್ಲಿ ಹೇಳಿದಳು.

ಸ್ವಾರಗೇಟಿನ ಬಸ್ಸಿಗೆ ಕಾಯುವಾಗ ಅವಳ ಮುಖ ನೋಡಿದೆ. "ಯಾಕ ಸಪ್ಪಗಿದ್ದಿ?"

"ನಂದು ಪರೀಕ್ಷಾ ಇನ್ನೊಂದ್ ಸಲ ಉಳದದ. ಕಡೀದು. ಫಾರ್ಮ್ ತುಂಬೇನಿ."

"ಅಯ್ಯ, ಹೇಳಬಾರದೇನ ನನಗ?"

"ಕೇಳಿ ತಗೊಳ್ಳೂ ಕುರ್ಚಿ ಅಲ್ಲಲ್ಲ ಅದು," ಎಂದು ನಕ್ಕಳು. ನಾಳೆಯೇ ಹೋಗಿ ಆ ಹುಡುಗಿಗೆ ಹೇಳುತ್ತೇನೆಂದರೆ, "ಏನೂ ಬ್ಯಾಡ. ಆಕಿ ಭಾಳ ಖುಷಿ ಆಗ್ಯಾಳ," ಎಂದಳು.

ಒಂದು ಕಟ್ಟಿಗೆಯ ಕುರ್ಚಿಯಿಂದ ಯಾರೂ ಪಾಸಾಗುವುದಿಲ್ಲ, ನನಗೂ ಗೊತ್ತು. ಆದರೆ ನಾನು ಅವಳ ಹೆಸರು ಹೇಳಬಹುದಿತ್ತು.

ಪುಸ್ತಕಗಳು ಅಟ್ಟದಿಂದ ಇಳಿಯಲೇ ಇಲ್ಲ. ಪರೀಕ್ಷೆಯ ಭಾನುವಾರ ಅಕ್ಕ ಹೋಗಲಿಲ್ಲ. ಮರುದಿನ ನಾನು ಕೆಲಸಕ್ಕೆ ಸೇರಬೇಕಿತ್ತು. ಅವಳು ನನ್ನ ಸೀರೆಗೆ ಇಸ್ತ್ರಿ ಮಾಡುತ್ತ ನಿಂತಿದ್ದಳು. "ಇನ್ನೂ ಹೊತ್ತದ, ಹೋಗ ಅಕ್ಕಾ," ಎಂದು ಅಳುತ್ತ ಹೇಳಿದೆ.

"ಆ ಸೆರಗ ಸರಿ ಹಿಡಿ," ಎಂದಳು. "ಸುಕ್ಕಾಗ್ತದ."